ಮಗು ಓದುವಾಗ ಹೂಂಗುಟ್ಟುವವರು ಯಾರು?

(ಬಂಟ್ವಾಳ ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಬೆಳಿಗ್ಗೆಯಿಂದ ರಾತ್ರಿಯ ತನಕ ನೀವು ಮಗುವಿಗೆ ‘ಓದು’ ಎಂದು ಎಷ್ಟು ಸಲ ಹೇಳುತ್ತೀರಿ, ಒಂದು ದಿನ ಎಣಿಸಿ ನೋಡಿ. ‘ಟಿ.ವಿ. ಬಂದ್ ಮಾಡಿ ಓದ್ಲಿಕ್ಕೆ ಕೂತ್ಕೋ.’ ‘ನಾಡಿದ್ದು ಪರೀಕ್ಷೆ, ಓದಿ ಆಯ್ತಾ?’ ‘ಆಚೆಮನೆ ಹುಡುಗನನ್ನು ನೋಡು, ಎಷ್ಟು ಚಂದ ಓದ್ತಾನೆ.’ ಇಷ್ಟರಲ್ಲಿ ಒಂದು ಸಲವಾದರೂ ಆ ಮಾತಿಗೆ ‘ಕಥೆ ಪುಸ್ತಕ ಹಿಡಿದುಕೊಂಡು ಆರಾಮಾಗಿ ಕೂರು’ ಎಂಬ ಅರ್ಥ ಇತ್ತೇ?

ನಮ್ಮ ಕನ್ನಡದಲ್ಲಿ ಪುಸ್ತಕ ಓದುವುದಕ್ಕೂ ಓದು, ಪರೀಕ್ಷೆಗೆ ತಯಾರಾಗುವುದಕ್ಕೂ ಓದು. ‘ಮಗಳು ಏನು ಓದಿದ್ದಾಳೆ?’ ಎಂದು ಯಾರಾದರೂ ಕೇಳಿದರೆ ಬಿ.ಕಾಂ. ಎನ್ನುತ್ತೇವೆ, ಕಾದಂಬರಿಯ ಹೆಸರು ಹೇಳುವುದಿಲ್ಲ. ದೊಡ್ಡವರಾದ ನಮಗೆ ಇವೆರಡೂ ಬೇರೆ ಎಂದು ಗೊತ್ತು. ಆರು ವರ್ಷದ ಮಗುವಿಗೆ ಗೊತ್ತಿಲ್ಲ. ಅದರ ಕಿವಿಗೆ ‘ಓದು’ ಬೀಳುವುದು ಆಟ ನಿಲ್ಲಿಸುವ ಹೊತ್ತಿಗೆ, ಬೈಗುಳದ ಜೊತೆಗೆ. ಹಾಗೆ ಹತ್ತು ವರ್ಷ ಕೇಳಿಸಿಕೊಂಡ ಮಗು, ಒಂದು ದಿನ ನಾವು ಚಂದದ ಪುಸ್ತಕ ತಂದು ಕೈಗಿಟ್ಟು ‘ಓದು’ ಎಂದಾಗ ಮುಖ ತಿರುಗಿಸಿದರೆ, ತಪ್ಪು ಮಗುವಿನದ್ದಲ್ಲ.

ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳ ಜೊತೆಗೇ ನನ್ನ ಸರ್ವೀಸು ಪೂರ್ತಿ ಕಳೆಯಿತು. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಅಕ್ಷರದ ವಿಷಯ. ವರ್ಣಮಾಲೆಯಲ್ಲಿ 49 ಅಕ್ಷರ, ಅಷ್ಟು ಕಲಿತರೆ ಓದಲು ಬಂತು ಎಂದು ತಂದೆತಾಯಿ ತಿಳಿದಿರುತ್ತಾರೆ. 34 ವ್ಯಂಜನಗಳ ಕಾಗುಣಿತ ಬರೆದು ನೋಡಿ, ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ‘ತ’ದ ಒತ್ತು ‘ತ’ದ ಹಾಗೆ ಕಾಣುವುದಿಲ್ಲ, ‘ಯ’ದ ಒತ್ತು ‘ಯ’ದ ಹಾಗೆ ಇಲ್ಲ. ಇನ್ನು ಅರ್ಕಾವೊತ್ತು.

ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ‘ಸೂರ್ಯ’ ಎಂಬ ಪದದ ಮುಂದೆ ಕೂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ತೋರುಬೆರಳು ‘ಸೂ’ ಕೆಳಗೆ ಇತ್ತು. ಮುಂದೆ ಕಣ್ಣಿಗೆ ಮೊದಲು ಸಿಗುವುದು ‘ಯ’, ಆಮೇಲೆ ಅರ್ಕಾವೊತ್ತು. ಬಾಯಿಗೆ ಮೊದಲು ಬರಬೇಕಾದ್ದು ‘ರ್’. ಅವಳು ‘ಸೂ... ಯ... ರ’ ಎಂದಳು. ಬೆರಳು ಹಿಂದೆ ಹೋಯಿತು. ‘ಸೂಯ್ರ’ ಎಂದಳು. ಅದು ಯಾವ ಪದವೂ ಅಲ್ಲ ಎಂದು ಅವಳಿಗೇ ಗೊತ್ತಾಗಿ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಅವಳು ಆ ಪದವನ್ನು ಬಿಟ್ಟು ಮುಂದೆ ಹೋದಳು. ಮುಂದೆ ‘ಮುಳುಗಿದ’ ಎಂದಿತ್ತು. ಅದನ್ನು ಓದಿದವಳೇ ಬೆರಳನ್ನು ಸರಕ್ಕನೆ ಹಿಂದಕ್ಕೆ ತಂದು ‘ಸೂರ್ಯ! ಸೂರ್ಯ ಮುಳುಗಿದ, ಟೀಚರ್!’ ಎಂದು ಕೂಗಿದಳು.

ಅಕ್ಷರ ಕೈಕೊಟ್ಟ ಕಡೆ ಅರ್ಥ ಅವಳನ್ನು ದಾಟಿಸಿತು. ನಾನು ಅವಸರ ಮಾಡಿ ‘ಸೂರ್ಯ ಕಣೇ’ ಎಂದುಬಿಟ್ಟಿದ್ದರೆ ಆ ಕೂಗು ಬರುತ್ತಿರಲಿಲ್ಲ. ಟೀಚರ್‌ಗಳೇ, ಮಗು ಒಂದು ಪದದ ಮುಂದೆ ನಿಂತಾಗ ಮನಸ್ಸಿನಲ್ಲೇ ಐದು ಎಣಿಸಿ. ನಮಗೆ ಅದು ಬಹಳ ಉದ್ದ ಅನ್ನಿಸುತ್ತದೆ, ಮಗುವಿಗೆ ಅಷ್ಟು ಬೇಕು.

ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಸೊನಾಲಿ ನಾಗ್ ಎಂಬ ಸಂಶೋಧಕಿ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯಲ್ಲೂ ಇನ್ನೂ ಬೆಳೆಯುತ್ತಲೇ ಇರುತ್ತದೆ ಎಂದು ಅವರು ಕಂಡುಕೊಂಡರು. ನನಗೆ ಅದು ತಿಳಿದಾಗ ಬಹಳ ಸಮಾಧಾನವಾಯಿತು. ಎರಡನೇ ಕ್ಲಾಸು ಮುಗಿಯುವುದರೊಳಗೆ ಸರಾಗವಾಗಿ ಓದದ ಮಗುವನ್ನು ‘ಹಿಂದುಳಿದವನು’ ಎಂದು ನಾವು ಎಷ್ಟು ಬೇಗ ಪಟ್ಟಿಯಲ್ಲಿ ಬರೆದುಬಿಡುತ್ತೇವೆ! ಅದರ ಎದುರಿಗಿರುವ ಕೆಲಸವೇ ದೊಡ್ಡದು.

ಈಗ ಇನ್ನೊಂದು ಕಡೆಯಿಂದ ನೋಡೋಣ. ಇದೇ ಮಗುವನ್ನು ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗುತ್ತೀರಲ್ಲ? ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯೊಳಗೆ ಒಂದಾದರೂ ಯಕ್ಷಗಾನ ನೋಡದ ಮಗು ನಮ್ಮ ಊರಲ್ಲಿ ಕಡಿಮೆ. ಗದ್ದೆಯಲ್ಲಿ ಅಜ್ಜಿಯ ಸೆರಗು ಹೊದ್ದುಕೊಂಡು ಕೂತ ಏಳು ವರ್ಷದ ಹುಡುಗನ ಮುಖ ನೋಡಿ. ಚಕ್ರವ್ಯೂಹದ ಬಾಗಿಲಲ್ಲಿ ಅಭಿಮನ್ಯು ಅರ್ಥ, ಅಂದರೆ ಆಟದ ಮಾತು, ಹೇಳುತ್ತಿರುತ್ತಾನೆ. ಅದೇನು ಸಣ್ಣ ಕನ್ನಡವೇ? ನಮ್ಮ ಕಾಲೇಜು ಮಕ್ಕಳಿಗೂ ಬಾಯಿಗೆ ಬಾರದ ಕನ್ನಡ. ಹುಡುಗನಿಗೆ ಪ್ರತಿ ಪದದ ಅರ್ಥ ಗೊತ್ತಿಲ್ಲ, ಆದರೆ ಕಥೆ ಗೊತ್ತು, ಕೋಪ ಗೊತ್ತು, ಅಭಿಮನ್ಯು ಹಿಂದೆ ಬರುವುದಿಲ್ಲ ಎಂದೂ ಗೊತ್ತು. ಮರುದಿನ ಶಾಲೆಯ ಅಂಗಳದಲ್ಲಿ ಟವೆಲು ಸುತ್ತಿಕೊಂಡು ಅವನೇ ಅಭಿಮನ್ಯು.

ಸೋಮವಾರ ಅದೇ ಅಭಿಮನ್ಯುವಿನ ಕೈಗೆ ನಾವು ‘ಕಮಲ ಬಂದಳು. ಬಸವ ಬಂದ’ ಎಂಬ ಪುಸ್ತಕ ಕೊಡುತ್ತೇವೆ. ಅವನ ಕಣ್ಣಿಗೆ ಅಷ್ಟೇ ಶಕ್ತಿ ಇರುವುದು, ನಿಜ. ಆದರೆ ಅವನ ಕಿವಿ, ಅವನ ಮನಸ್ಸು ಎಷ್ಟೋ ಮುಂದಿದೆ. ಆ ಮನಸ್ಸಿಗೆ ಪುಸ್ತಕ ಎಂದರೆ ಸಪ್ಪೆ ಎಂಬ ತೀರ್ಮಾನ ಬಂದುಬಿಟ್ಟರೆ, ಮುಂದೆ ಕಣ್ಣು ಬಲಿತಾಗ ಪುಸ್ತಕದ ಕಡೆ ತಿರುಗಿಸಲು ನಮ್ಮಿಂದ ಆಗುವುದಿಲ್ಲ.

ಅದಕ್ಕೇ ನಾನು ಹೋದಲ್ಲೆಲ್ಲ ಹೇಳುವುದು: ಮಕ್ಕಳಿಗೆ ಓದಿ ಹೇಳಿ. ಅಕ್ಷರ ಬರುವವರೆಗೆ ಓದಿ ಹೇಳಿ, ಅಕ್ಷರ ಬಂದ ಮೇಲೆಯೂ ಓದಿ ಹೇಳಿ. ‘ಈಗ ನಿನಗೇ ಬರುತ್ತದಲ್ಲ, ನೀನೇ ಓದಿಕೋ’ ಎಂದು ಮೂರನೇ ಕ್ಲಾಸಿಗೆ ನಾವು ಕೈಬಿಡುತ್ತೇವೆ. ಮಗುವಿಗೆ ಅಮ್ಮನ ಮಡಿಲು ತಪ್ಪುವುದೂ ಪುಸ್ತಕ ಒಂಟಿ ಕೆಲಸವಾಗುವುದೂ ಒಂದೇ ದಿನ. ಐದನೇ ಕ್ಲಾಸಿನವರೆಗಾದರೂ ಬಿಡಬೇಡಿ.

ಶಾಲೆಯಲ್ಲಿ ನಾನು ಇಟ್ಟುಕೊಂಡ ಹೊತ್ತು ಬಿಸಿಯೂಟದ ನಂತರದ್ದು. ತಟ್ಟೆ ತೊಳೆದು ಬಂದ ಮಕ್ಕಳ ಕೈ ಇನ್ನೂ ಒದ್ದೆ ಇರುತ್ತದೆ, ಕಣ್ಣು ಎಳೆಯುತ್ತಿರುತ್ತದೆ, ಆಗ ಲೆಕ್ಕ ತಲೆಗೆ ಹೋಗುವುದಿಲ್ಲ. ಹದಿನೈದು ನಿಮಿಷ ಓದುತ್ತಿದ್ದೆ. ಸ್ವಲ್ಪ ದೊಡ್ಡ ಕಥೆ, ವಾರವಿಡೀ ಬರುವಂಥದ್ದು. ಒಳ್ಳೆಯ ಜಾಗದಲ್ಲಿ ನಿಲ್ಲಿಸಿ, ಗುರುತಿಗೆ ಒಂದು ಕಾಗದ ಇಟ್ಟು, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಬರುತ್ತಿದ್ದೆ. ಸಂಜೆ ನೋಡಿದರೆ ಕಾಗದ ಎರಡು ಪುಟ ಮುಂದೆ ಹೋಗಿರುತ್ತಿತ್ತು. ಯಾರೆಂದು ನಾನು ಕೇಳಲಿಲ್ಲ.

ಇಲ್ಲಿ ಕೂತಿರುವ ಅಮ್ಮಂದಿರಲ್ಲಿ ಕೆಲವರ ಮುಖದಲ್ಲಿ ಒಂದು ಪ್ರಶ್ನೆ ಕಾಣುತ್ತಿದೆ. ನನಗೇ ಓದಲು ಬಾರದಿದ್ದರೆ? ಬಂದರೂ ರಾತ್ರಿ ಹೊತ್ತಿಗೆ ಸಾಕುಸಾಕಾಗಿರುತ್ತದಲ್ಲ? ಇದಕ್ಕೆ ಉತ್ತರವನ್ನು ನನಗೆ ಕಲಿಸಿದ್ದು ಬೀಡಿ ಕಟ್ಟುವ ಒಬ್ಬರು ತಾಯಿ.

ಅವರ ಮಗಳು ನನ್ನ ಮೂರನೇ ಕ್ಲಾಸಿನಲ್ಲಿದ್ದಳು. ತರಗತಿಯ ಎಲ್ಲರಿಗಿಂತ ನಿರಾಳವಾಗಿ ಓದುತ್ತಿದ್ದಳು. ಮನೆಯಲ್ಲಿ ಯಾರೋ ಹೇಳಿಕೊಡುತ್ತಾರೆ ಎಂದುಕೊಂಡಿದ್ದೆ. ಒಂದು ಸಂಜೆ ಆ ದಾರಿಯಾಗಿ ಹೋಗುವಾಗ ಕಂಡೆ. ಜಗಲಿಯಲ್ಲಿ ತಾಯಿ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಕೆಲಸ. ಸಾವಿರಕ್ಕೆ ಇಷ್ಟು ಎಂಬ ಲೆಕ್ಕ, ಕೈ ನಿಂತರೆ ಸಂಬಳ ನಿಂತಿತು. ಪಕ್ಕದಲ್ಲಿ ಕಂಬಕ್ಕೆ ಒರಗಿ ಮಗಳು ಓದುತ್ತಿದ್ದಳು. ಅವಳು ತಡವರಿಸಿದಾಗ ತಾಯಿ ತಲೆ ಎತ್ತದೆ ‘ಬೊಕ್ಕ?’ ಎನ್ನುತ್ತಿದ್ದರು. ಅಂದರೆ, ಆಮೇಲೆ? ಒಂದು ಪದ ತಿಳಿಯದಿದ್ದರೆ ‘ಅಂಚ ಪಂಡ ದಾದ?’ ಎಂದು ಕೇಳುತ್ತಿದ್ದರು, ಹಾಗೆಂದರೆ ಏನು ಎಂದು. ಮಗಳು ಓದು ನಿಲ್ಲಿಸಿ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಕಥೆಯಲ್ಲಿ ಹುಲಿ ಗುಹೆಯ ಬಾಗಿಲಿಗೆ ಬಂತು. ತಾಯಿಯ ಕೈ, ಎಡಗೈಯಲ್ಲಿ ಬೀಡಿ, ಬಲಗೈಯಲ್ಲಿ ನೂಲು, ಹಾಗೇ ಗಾಳಿಯಲ್ಲಿ ನಿಂತಿತು. ಮಗಳು ಕಣ್ಣೆತ್ತಿ ಆ ನಿಂತ ಕೈಯನ್ನು ನೋಡಿದಳು. ಆ ಮುಖದ ಕಳೆ ನಾನು ಯಾವ ಬಹುಮಾನ ವಿತರಣೆಯಲ್ಲೂ ಕಂಡಿಲ್ಲ. ತನ್ನ ಓದಿಗೆ ಅಮ್ಮನ ಕೈ ನಿಲ್ಲಿಸುವ ಶಕ್ತಿ ಇದೆ ಎಂದು ಅವಳಿಗೆ ಗೊತ್ತಾಗಿತ್ತು.

ನಮ್ಮ ಅಜ್ಜಿಯಂದಿರು ಕಥೆ ಹೇಳುವಾಗ ಒಂದು ಕರಾರು ಇರುತ್ತಿತ್ತು, ನೆನಪಿದೆಯೇ? ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ಮಕ್ಕಳು ನಿದ್ದೆ ಹೋದರೋ ಇಲ್ಲವೋ ಎಂದು ನೋಡಲು ಇಟ್ಟ ಉಪಾಯ ಅದು ಎಂದು ನಾನು ತಿಳಿದಿದ್ದೆ. ಅಷ್ಟೇ ಅಲ್ಲ. ಹೇಳುವವರಿಗೆ ಹೂಂ ಎಂಬುದು ಊರುಗೋಲು. ಓದುವ ಮಗುವಿಗೂ ಅದೇ ಬೇಕು. ಓದು ಬಾರದ ತಾಯಿ ಹೂಂಗುಟ್ಟಬಹುದು, ಅಡುಗೆ ಮಾಡುತ್ತಾ ಹೂಂಗುಟ್ಟಬಹುದು, ಅಜ್ಜ ಅಡಿಕೆ ಸುಲಿಯುತ್ತಾ ಹೂಂಗುಟ್ಟಬಹುದು. ಮೊಬೈಲು ನೋಡುತ್ತಾ ಹೂಂಗುಟ್ಟಿದರೆ ಮಾತ್ರ ಮಗುವಿಗೆ ಆ ಕ್ಷಣವೇ ಗೊತ್ತಾಗುತ್ತದೆ.

ಆ ತಾಯಿ ಕೇಳಿದ ಪ್ರಶ್ನೆಯನ್ನು ಗಮನಿಸಿ: ಆಮೇಲೆ? ನಾನು ಟೀಚರಾಗಿ ಎಷ್ಟೋ ವರ್ಷ ಕೇಳಿದ್ದು ಬೇರೆಯೇ. ಕಥೆ ಮುಗಿದ ಕೂಡಲೇ ‘ಈ ಕಥೆಯ ನೀತಿ ಏನು?’ ಮಕ್ಕಳು ಸಾಲಾಗಿ ಎದ್ದು ನಿಂತು ‘ಸುಳ್ಳು ಹೇಳಬಾರದು ಟೀಚರ್’, ‘ದುರಾಸೆ ಒಳ್ಳೆಯದಲ್ಲ ಟೀಚರ್’ ಎನ್ನುತ್ತಿದ್ದರು. ಕೆಲವರು ಕಥೆ ಶುರುವಾಗುವ ಮೊದಲೇ ನೀತಿ ಯೋಚಿಸಿ ಇಟ್ಟುಕೊಳ್ಳುತ್ತಿದ್ದರು, ಕೇಳಿದಾಗ ತಪ್ಪಬಾರದಲ್ಲ. ನನ್ನ ಕೈಯಿಂದಲೇ ಎಷ್ಟು ಕಥೆಗಳು ಹೀಗೆ ಪರೀಕ್ಷೆಯಾದವು ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಬಾಳೆಹಣ್ಣು ತಿಂದ ಮಗುವಿನ ಹತ್ತಿರ ಅದರಲ್ಲಿ ಯಾವ ಜೀವಸತ್ವ ಇತ್ತು ಎಂದು ನಾವು ಕೇಳುತ್ತೇವೆಯೇ? ಕಥೆ ಮುಗಿದ ಮೇಲೆ ಸುಮ್ಮನೆ ಬಿಡಿ. ಮಾತು ಬಂದರೆ ತಾನಾಗಿ ಬರುತ್ತದೆ, ಎರಡು ದಿನ ಬಿಟ್ಟು, ತಲೆ ಬಾಚುವಾಗ ಬರುತ್ತದೆ.

ತಿದ್ದುವ ವಿಷಯದಲ್ಲೂ ಅಷ್ಟೇ. ಪುಸ್ತಕದಲ್ಲಿ ‘ಹುಡುಗನು ಮನೆಗೆ ಹೋದನು’ ಎಂದಿರುತ್ತದೆ. ಮಗು ‘ಹುಡುಗ ಮನೆಗೆ ಹೋದ’ ಎಂದು ಓದುತ್ತದೆ. ನಾವು ತಕ್ಷಣ ‘ಸರಿಯಾಗಿ ನೋಡು, ಹೋದನು’ ಎನ್ನುತ್ತೇವೆ. ಒಂದು ಗಳಿಗೆ ಯೋಚಿಸಿ. ಅಕ್ಷರ ಅಕ್ಷರ ಕೂಡಿಸುವ ಮಗು ‘ಹೋ-ದ-ನು’ ಎಂದೇ ಓದುತ್ತದೆ. ‘ಹೋದ’ ಎಂದ ಮಗು ಅಕ್ಷರ ದಾಟಿ ಮಾತು ಹಿಡಿದಿದೆ. ಅದು ಓದುತ್ತಿದೆ ಎನ್ನಲು ಇದಕ್ಕಿಂತ ದೊಡ್ಡ ಗುರುತು ಬೇಕೇ? ಅರ್ಥ ಕೆಟ್ಟರೆ ತಿದ್ದೋಣ, ಉಳಿದದ್ದನ್ನು ದಾಟಿ ಹೋಗಲು ಬಿಡೋಣ.

ಮನೆಮಾತು ತುಳು, ಕೊಂಕಣಿ, ಬ್ಯಾರಿ ಆಗಿರುವ ಮಕ್ಕಳಿಗೆ ಕನ್ನಡದ ಪುಸ್ತಕ ಕಷ್ಟ ಎಂಬ ಮಾತೂ ಕೇಳುತ್ತೇನೆ. ಕಷ್ಟ ಹೌದು, ಮೊದಮೊದಲು. ಆದರೆ ಇದೇ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಮೇಷ್ಟ್ರಾಗಿದ್ದರು, ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದರು, ಕನ್ನಡದ ಮಕ್ಕಳು ಕುಣಿದು ಹಾಡುವಂಥ ಪದ್ಯಗಳನ್ನು ಬರೆದರು. ಮನೆಯ ಭಾಷೆಯನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಬಾ ಎಂದು ಮಗುವಿಗೆ ಹೇಳಬೇಡಿ. ಆ ಜಗಲಿಯ ಹುಡುಗಿ ಕನ್ನಡದ ಕಥೆಯನ್ನು ತುಳುವಿನಲ್ಲಿ ಅಮ್ಮನಿಗೆ ಬಿಡಿಸಿ ಹೇಳಿದಳಲ್ಲ, ನಾನು ಅವಳಿಗೆ ಕೊಡಬಹುದಾಗಿದ್ದ ಯಾವ ಅಭ್ಯಾಸವೂ ಅಷ್ಟು ಒಳ್ಳೆಯದಾಗಿರಲಿಲ್ಲ.

ಇನ್ನು ಶಾಲೆಯ ಪುಸ್ತಕಗಳು ಎಲ್ಲಿರುತ್ತವೆ ಎಂಬ ಮಾತಿಗೆ ಬರುತ್ತೇನೆ. ಇದರ ಬಗ್ಗೆ ನನಗೆ ನೋವಿದೆ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮುಖ್ಯ ಶಿಕ್ಷಕರ ಕೋಣೆಯಲ್ಲಿ ಒಂದು ಬೀರು ಇತ್ತು. ಬೀಗದ ಕೈ ಅವರ ಹತ್ತಿರ. ಒಂದು ಆಗಸ್ಟಿನಲ್ಲಿ ತೆಗೆಸಿದೆ. ನುಸಿಗುಳಿಗೆಯ ವಾಸನೆ, ಅದರ ಹಿಂದೆ ಬೂಷ್ಟಿನ ವಾಸನೆ. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಬಣ್ಣದ ಚಿತ್ರದ ಪುಸ್ತಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಆನೆಯ ಸೊಂಡಿಲು ಎದುರಿನ ಪುಟಕ್ಕೆ ಹೋಯಿತು. ಯಾವ ಮಗುವೂ ಮುಟ್ಟದ ಪುಸ್ತಕಗಳು, ಬೆನ್ನು ಇನ್ನೂ ಮುರಿದಿರಲಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ಎಲ್ಲವೂ ಕ್ರಮಸಂಖ್ಯೆ ಸಹಿತ ಸರಿಯಾಗಿ ಇದ್ದವು.

ಆ ಮುಖ್ಯ ಶಿಕ್ಷಕರು ಕೆಟ್ಟವರಾಗಿರಲಿಲ್ಲ. ವರ್ಗವಾಗಿ ಹೋಗುವಾಗ ಚಾರ್ಜು ಕೊಡಬೇಕು, ಲೆಕ್ಕದಲ್ಲಿ ಒಂದು ಪುಸ್ತಕ ಕಡಿಮೆಯಾದರೂ ಕೈಯಿಂದ ಕಟ್ಟಬೇಕೇನೋ ಎಂಬ ಭಯ. ಆ ಭಯ ಇರುವವರೆಗೆ ಯಾವ ಅನುದಾನ ಬಂದರೂ ಬೀರು ತುಂಬುತ್ತದೆಯೇ ಹೊರತು ಮಕ್ಕಳ ಕೈ ತುಂಬುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲಾ ಗ್ರಂಥಾಲಯಕ್ಕೆಂದೇ ಹಣ ಬರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಇಲ್ಲಿ ಇದ್ದೀರಿ. ಮುಂದಿನ ಸಭೆಯಲ್ಲಿ ಒಂದು ನಡಾವಳಿ ಬರೆಯಿಸಿ: ಮಕ್ಕಳು ಓದಿ ಹರಿದ ಪುಸ್ತಕಕ್ಕೆ, ಕಳೆದ ಪುಸ್ತಕಕ್ಕೆ ಶಿಕ್ಷಕರು ಹೊಣೆಯಲ್ಲ, ಎಸ್‌ಡಿಎಂಸಿ ಅದನ್ನು ಸರಿದೂಗಿಸುತ್ತದೆ ಎಂದು. ನಾಲ್ಕು ಸಾಲಿನ ಕಾಗದ. ಬೀರುವಿನ ಬಾಗಿಲು ತೆರೆಯಲು ಅಷ್ಟು ಸಾಕಾದದ್ದನ್ನು ನಾನು ಕಂಡಿದ್ದೇನೆ.

ಎಸ್.ಆರ್. ರಂಗನಾಥನ್ ಅವರ ಹೆಸರು ಗ್ರಂಥಪಾಲಕರಿಗೆಲ್ಲ ಗೊತ್ತು, ಅವರ ನೆನಪಿಗೆ ಆಗಸ್ಟ್ 12 ಗ್ರಂಥಪಾಲಕರ ದಿನ. 1917ರಲ್ಲಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಮೇಷ್ಟ್ರಾಗಿ ಬಂದವರು, ನಮ್ಮ ನೆರೆಯವರು ಎನ್ನಬಹುದು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ.

ಮೊದಲನೆಯದಕ್ಕೆ ನಾವು ಮಾಡಿದ್ದು ಒಂದು ಹಗ್ಗ. ತರಗತಿಯ ಗೋಡೆಗೆ ಎರಡು ಮೊಳೆ, ಮಗುವಿನ ಎದೆಯ ಎತ್ತರಕ್ಕೆ ನೂಲಿನ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪು. ಪುಸ್ತಕಗಳು ಮುಖಪುಟ ಕಾಣುವ ಹಾಗೆ ನೇತಾಡುತ್ತವೆ. ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದರೆ ಓದಲು ಬಾರದ ಮಗು ಏನನ್ನು ನೋಡಿ ಆರಿಸಬೇಕು? ಒಂದು ಹಳೇ ನೋಟ್‌ಬುಕ್ಕು, ತೆಗೆದುಕೊಂಡವರು ತಾವೇ ಹೆಸರು ಬರೆಯುವುದು. ಶನಿವಾರ ಕೊನೆಯ ಅವಧಿಯಲ್ಲಿ ಐದನೆಯವರು ಮೈದಾ ಅಂಟು ಮಾಡಿ ಹರಿದದ್ದನ್ನು ಅಂಟಿಸುವುದು. ವರ್ಷದ ಕೊನೆಗೆ ಏಳು ಪುಸ್ತಕ ಕಾಣೆಯಾಗಿದ್ದವು. ಅದರಲ್ಲಿ ಒಂದು ಎರಡು ವರ್ಷದ ನಂತರ ಒಬ್ಬ ಹುಡುಗನ ತಂಗಿಯ ಚೀಲದಲ್ಲಿ ಶಾಲೆಗೆ ವಾಪಸು ಬಂತು. ಮನೆಯಲ್ಲಿ ಮೂವರು ಅದನ್ನು ಓದಿದ್ದರು.

ಎರಡನೆಯ ಸೂತ್ರ ನಮಗೆ ಕಷ್ಟ. ಓದು ಎಂದರೆ ಕಥೆ ಎಂದೇ ನಾವು ತಿಳಿದಿದ್ದೇವೆ. ಐದನೇ ಕ್ಲಾಸಿನ ಒಬ್ಬ ಹುಡುಗ ಯಾವ ಕಥೆಯನ್ನೂ ಮುಟ್ಟುತ್ತಿರಲಿಲ್ಲ. ಊಟ ಕಟ್ಟಿ ತಂದ ಪತ್ರಿಕೆಯಲ್ಲಿ ಕ್ರಿಕೆಟ್ಟಿನ ಸ್ಕೋರು ಇದ್ದರೆ ಮಾತ್ರ ಎಣ್ಣೆಯ ಕಲೆಯ ಕೆಳಗಿನದ್ದನ್ನೂ ಬಿಡದೆ ಓದುತ್ತಿದ್ದ. ಹಳೇ ಪತ್ರಿಕೆಗಳ ಕ್ರೀಡಾ ಪುಟ ಕತ್ತರಿಸಿ ಹೊಲಿದು ಅವನಿಗೊಂದು ಪುಸ್ತಕ ಮಾಡಿಕೊಟ್ಟೆ. ಅವನು ಓದುಗನಾದದ್ದು ಅದರಿಂದ. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗೆ ಮೂರು ಸಂಪುಟಗಳ ವಿಶ್ವಕೋಶ ಬರೆದುಕೊಟ್ಟರು. ಲೋಕದಲ್ಲಿ ಇರುವುದೆಲ್ಲ ಹೇಗಿದೆ ಎಂದು ತಿಳಿಯುವ ಹಸಿವು ಕಥೆಯ ಹಸಿವಿನಷ್ಟೇ ದೊಡ್ಡದು ಎಂದು ಅವರಿಗೆ ಗೊತ್ತಿತ್ತು. ನಿಮ್ಮ ಮಗು ಕೀಟದ ಪುಸ್ತಕ ಹಿಡಿದರೆ, ಕಾಮಿಕ್ಸ್ ಹಿಡಿದರೆ, ಅದೇ ಪುಸ್ತಕವನ್ನು ಹತ್ತನೇ ಸಲ ಹಿಡಿದರೆ, ಬಿಡಿ. ಅರ್ಧಕ್ಕೆ ಬೇಸರವಾಗಿ ಕೆಳಗಿಟ್ಟರೂ ಬಿಡಿ. ನಾವೂ ಇಡುತ್ತೇವೆ.

ಮೊಬೈಲಿನ ಬಗ್ಗೆ ಹೇಳಿ ಎಂದು ಬರುವಾಗಲೇ ಇಬ್ಬರು ಕೇಳಿದರು. ಕಿತ್ತುಕೊಂಡು ಪುಸ್ತಕ ಕೊಟ್ಟರೆ ಪುಸ್ತಕ ಮತ್ತೆ ಶಿಕ್ಷೆಯಾಗುತ್ತದೆ. ಮನೆಯಲ್ಲಿ ಪುಸ್ತಕವೇ ಇಲ್ಲದಿದ್ದರೆ ಅದೇ ಮೊಬೈಲಿನಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತೆರೆಯಿರಿ. ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ, ಪಕ್ಕದಲ್ಲಿ ಕೂತು ನೀವೇ ಓದಿ.

ಕೊನೆಯದಾಗಿ ನಾವು ಕೂತಿರುವ ಈ ಜಾಗ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ದೊಡ್ಡವರು ಪೇಪರ್ ಓದುವ ಜಾಗ ಎಂದು ಮೊದಲು ಮಕ್ಕಳು ಒಳಗೆ ಬರಲು ಹೆದರುತ್ತಿದ್ದರು. ಈಗ ಚಾಪೆ ಇದೆ, ಕೆಳಗಿನ ಕಪಾಟು ಅವರದ್ದೇ. ಪಡಿತರ ತರಲು ಬರುವ ದಿನ ಮಗುವನ್ನೂ ಕರೆದುಕೊಂಡು ಬನ್ನಿ, ಸಾಲು ಕರಗುವಷ್ಟರಲ್ಲಿ ಒಂದು ಪುಸ್ತಕ ಮುಗಿಯುತ್ತದೆ.

ಹೊರಗೆ ಜಗಲಿಯಲ್ಲಿ ಹಗ್ಗ ಕಟ್ಟಿ ಪುಸ್ತಕ ನೇತುಹಾಕಿದ್ದೇವೆ. ಮಕ್ಕಳು ಆಗಲೇ ಅಲ್ಲಿ ಸೇರಿದ್ದಾರೆ, ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೋಗುವ ಮುಂಚೆ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಲಿ. ಯಾವುದು ಎಂದು ನೀವು ಹೇಳಬೇಡಿ. ಹೆಸರನ್ನು ಅವರೇ ಬರೆಯಲಿ, ಒತ್ತಕ್ಷರ ತಪ್ಪಾದರೂ ನಡೆಯುತ್ತದೆ. ಮಳೆ ಬರುವ ಹಾಗಿದೆ, ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲ ಇಟ್ಟಿದ್ದೇವೆ. ಇವತ್ತು ರಾತ್ರಿ ಊಟವಾದ ಮೇಲೆ ಅವರು ಓದಲಿ, ನೀವು ಹೂಂ ಎನ್ನಿ.